ತಳದಿಂದ ಏಳುವ ಮೋಡ

ಕನ್ನಡಿಯ ಮೇಲಿನ ಹಬೆಯನ್ನು ಅವನು ಮತ್ತೊಮ್ಮೆ ಒರೆಸಿದ. ಟವೆಲಿನಿಂದ ಒರೆಸಿದ್ದಾಗಿತ್ತು, ಅಂಗೈಯಿಂದ ಒರೆಸಿದ್ದಾಗಿತ್ತು, ಈಗ ಬನಿಯನ್ನಿನ ಅಂಚು ಎಳೆದು ತಿಕ್ಕುತ್ತಿದ್ದ. ಹಬೆ ಜಪ್ಪಯ್ಯ ಅನ್ನಲಿಲ್ಲ. ಅದರ ಹಿಂದೆ ಅವನ ಮುಖ ತೆಪ್ಪಗೆ ನಿಂತಿತ್ತು. ನೊರೆ ಎಲ್ಲಿ ಮುಗಿದು ಕೆನ್ನೆ ಎಲ್ಲಿ ಶುರುವಾಗುತ್ತದೆಂದು ಬೆರಳಿನಿಂದ ಮುಟ್ಟಿಯೇ ತಿಳಿಯಬೇಕು. ಹೆಂಡತಿ ಬಾಗಿಲಿಗೆ ಬಂದು ನಿಂತದ್ದು ಚಪ್ಪಲಿಯ ಸದ್ದಿನಿಂದ ಗೊತ್ತಾಯಿತು.

“ಎಷ್ಟು ಸಲ ಒರೆಸ್ತೀರಿ? ಕನ್ನಡಿ ಸವೆದು ಪಕ್ಕದ ಮನೆಯವರು ಕಾಣ್ಬೇಕು ಇನ್ನು.”

“ನೀರನ್ನ ಅಷ್ಟು ಕುದಿಸೋಕೆ ಯಾರು ಹೇಳಿದ್ರು ನಿಂಗೆ? ಮನೆಯೆಲ್ಲ ಹಬೆ.”

ಅವಳು ಒಳಗೆ ಹೋಗಿ ಹತ್ತಿಯ ಚೂರು ತಂದು ಅವನ ಗದ್ದಕ್ಕೆ ಒತ್ತಿದಳು. ಗಾಯವಾಗಿತ್ತೆಂದು ಆಗ ತಿಳಿಯಿತು. “ಸಂಜೆ ಸ್ವಲ್ಪ ಬೇಗ ಬರ್ತೀರಾ? ಕನ್ನಡಕದ ಅಂಗಡಿ ಕಡೆ ಹೋಗಿಬರೋಣ,” ಎಂದಳು. “ನಿನ್ನ ಕನ್ನಡಕಕ್ಕೇನಾಯ್ತು?” ಎಂದು ಕೇಳಿದ. ಅವಳು ಹತ್ತಿಯನ್ನು ಇನ್ನಷ್ಟು ಒತ್ತಿ ಹಿಡಿದಳು.

ಬೀದಿಗಿಳಿದರೆ ಬೆಳಗು ಹಿತವಾಗಿತ್ತು. ಈಚೆಗೆ ಬೆಳಗುಗಳೆಲ್ಲ ಹೀಗೆ, ಅಂಚುಗಳಿಲ್ಲದೆ, ಹಾಲು ಬೆರೆಸಿದ ಹಾಗೆ. ಎದುರಿನಿಂದ ಬರುವ ಬಸ್ಸಿನ ದೀಪಗಳಿಗೆ ಬಣ್ಣದ ಬಳೆಗಳು ಮೂಡಿದ್ದವು. ಮರಗಳು ಮರಗಳೊಳಗೆ ಕರಗಿದ್ದವು. ಯಾರೋ ಕೈ ಎತ್ತಿದರು. ಯಾರೆಂದು ಗೊತ್ತಾಗದಿದ್ದರೂ ಅವನೂ ಎತ್ತಿದ. ಲೋಕ ಇಷ್ಟು ಮೆತ್ತಗಾಗಿರುವುದಕ್ಕೆ ಚಳಿಗಾಲವೇ ಕಾರಣ ಎಂದು ಅವನು ತೀರ್ಮಾನಿಸಿ ಬಹಳ ದಿನವಾಗಿತ್ತು, ಆ ತೀರ್ಮಾನ ಅವನಿಗೆ ಇಷ್ಟವೂ ಆಗಿತ್ತು. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು, ಗಾಜಿಗೆ ಹಣೆ ತಾಗಿಸಿ, ಚಕ್ರದ ಮೇಲಿನ ಸೀಟು ತೂಗುವುದಕ್ಕೆ ಮೈ ಬಿಟ್ಟುಕೊಂಡು ಅರೆನಿದ್ರೆಯಲ್ಲಿ ಹೋಗುತ್ತಿರುವಾಗ ಒಂದು ವಿಷಯ ಮೆಲ್ಲಗೆ ಬಂದು ಅವನ ಪಕ್ಕ ಕೂತಿತು. ಮನೆಯ ಗೀಸರು ಕೆಟ್ಟು ಕೂತಿದೆ. ಇವತ್ತು ಅವನು ತಣ್ಣೀರಿನಲ್ಲಿ ಸ್ನಾನ ಮಾಡಿದ್ದ. ಹಲ್ಲು ಕಟಕಟ ಎನ್ನುತ್ತಾ ಮಾಡಿದ್ದ. ಹಾಗಾದರೆ ಹಬೆ ಎಲ್ಲಿಂದ ಬಂತು? ತಣ್ಣೀರಿಗೂ ಒಮ್ಮೊಮ್ಮೆ ಹಬೆ ಏಳುತ್ತದೆ, ಚಳಿ ಜಾಸ್ತಿಯಿದ್ದರೆ, ಎಂದುಕೊಂಡ. ಜೀವಮಾನವೆಲ್ಲ ಬಿಸಿ ತಂಪುಗಳನ್ನು ಅಳೆದೇ ಅನ್ನ ತಿಂದವನು ಇಂಥ ಮಾತನ್ನು ಬೇರೆ ಯಾರಾದರೂ ಆಡಿದ್ದರೆ ಗೇಲಿ ಮಾಡಿ ಕಳಿಸುತ್ತಿದ್ದ. ತಾನೇ ಆಡಿಕೊಂಡದ್ದರಿಂದ ಒಪ್ಪಿಕೊಂಡ.

ಇಂಧನ ಪರೀಕ್ಷಾಲಯದ ನೆಲಮಹಡಿಯ ಮೂಲೆಯಲ್ಲಿ ಅವನ ಕೋಣೆ. ಒಂದು ಮೇಜು, ಉತ್ತರಕ್ಕೊಂದು ದೊಡ್ಡ ಕಿಟಕಿ, ಗೋಡೆಗೆ ಬೀರು, ನಡುವೆ ತಣ್ಣೀರಿನ ತೊಟ್ಟಿಯಂಥ ಒಂದು ಯಂತ್ರ. ಅದರೊಳಗೆ ಚಪ್ಪಟೆ ತಳದ ಗಾಜಿನ ಜಾಡಿಯಲ್ಲಿ ಎಣ್ಣೆ ಇಳಿಸಿ, ಒಂದೊಂದೇ ಡಿಗ್ರಿ ತಣಿಸುತ್ತಾ, ಪ್ರತಿ ಡಿಗ್ರಿಗೂ ಜಾಡಿಯನ್ನು ಮೇಲೆತ್ತಿ ಬೆಳಕಿಗೆ ಹಿಡಿದು ನೋಡಬೇಕು. ತಿಳಿ, ತಿಳಿ, ತಿಳಿ, ಆಮೇಲೆ ಯಾವುದೋ ಒಂದು ಗಳಿಗೆಯಲ್ಲಿ ತಳದಲ್ಲಿ ಬೆಳ್ಳಗೆ ಉಸಿರು ಬಿಟ್ಟಂತಾಗುತ್ತದೆ. ಎಣ್ಣೆಯೊಳಗಿನ ಮೇಣ ಹರಳುಗಟ್ಟಲು ಶುರು. ಇದಕ್ಕೆ ಅಲ್ಲಿನವರು ಮೋಡ ಎನ್ನುತ್ತಾರೆ. ಮೋಡ ಕಟ್ಟಿದ ಮೇಲೆ ಆ ಇಂಧನ ಎಂಜಿನ್ನಿನ ಫಿಲ್ಟರಿನಲ್ಲಿ ಸಿಕ್ಕಿಕೊಳ್ಳುತ್ತದೆ, ಚಳಿಯ ಬೆಳಗ್ಗೆ ಬಸ್ಸು ಕೆಮ್ಮಿ ಕೆಮ್ಮಿ ನಿಂತುಬಿಡುತ್ತದೆ. ಬೀಜದೆಣ್ಣೆಯಿಂದ ಮಾಡಿದ ಡೀಸೆಲ್ಲಿಗೆ ಈ ರೋಗ ಜಾಸ್ತಿ. ಮೋಡವನ್ನು ಎಲ್ಲರಿಗಿಂತ ಮೊದಲು ಕಾಣುವವನು ಅವನೇ ಎಂದು ಹೆಸರಾಗಿ ಹದ್ದಣ್ಣ ಎಂಬ ಅಡ್ಡಹೆಸರು ಅಂಟಿಕೊಂಡಿತ್ತು. ಯಂತ್ರದ ಕಣ್ಣು ತರಿಸೋಣವೆಂಬ ಮಾತು ಬಂದಾಗ, ಹದ್ದಣ್ಣ ಇರುವಾಗ ಯಂತ್ರ ಯಾಕೆ ಎಂದು ದೊಡ್ಡವರೇ ನಕ್ಕಿದ್ದರು. ಆ ನಗುವನ್ನು ಅವನು ಮನೆಗೆ ಕೊಂಡೊಯ್ದು ಹೆಂಡತಿಗೆ ತೋರಿಸಿದ್ದ.

ಮೇಜಿನ ಮೇಲೆ ನಾಲ್ಕನೇ ಬಾಟಲಿ ಕಾಯುತ್ತಿತ್ತು. ಅದು ಮಹಡಿಯ ಮೇಲಿನ ಮದ್ದಿನ ಹುಡುಗಿಯದು. ಎಣ್ಣೆಗೆ ಹನಿ ಹನಿ ಬೆರೆಸುವ ರಾಸಾಯನಿಕಕ್ಕೆ ಇಲ್ಲಿ ಎಲ್ಲರೂ ಮದ್ದು ಎನ್ನುವುದು. ಅದನ್ನು ಕಾಸುವ ಬೆರೆಸುವ ಕೆಲಸದವಳು, ವಯಸ್ಸೆಷ್ಟೇ ಆಗಲಿ, ಮದ್ದಿನ ಹುಡುಗಿ. ತನ್ನ ಮದ್ದು ಬೆರೆತರೆ ಬೀಜದೆಣ್ಣೆಯ ಡೀಸೆಲ್ಲು ಸೊನ್ನೆಗಿಂತ ಐದು ಡಿಗ್ರಿ ಕೆಳಗಿನವರೆಗೂ ತಿಳಿಯಾಗಿಯೇ ಇರುತ್ತದೆಂದು ಅವಳ ಲೆಕ್ಕ. ಹಾಗಾದರೆ ಬೆಟ್ಟದ ದಾರಿಯ ಬಸ್ಸುಗಳಿಗೆ ಅದೇ ಇಂಧನ. ಆಗದಿದ್ದರೆ ಇವತ್ತಿನ ವರದಿಯೊಂದಿಗೆ ಅವಳ ಕೆಲಸ ಮುಚ್ಚಿ ಕೋಣೆ ಬೇರೆಯವರಿಗೆ. ಮೂರು ಸಲ ಅವನು ಬಾಟಲಿಯನ್ನು ತಣಿಸುವ ಮೊದಲೇ ವಾಪಸು ಕಳಿಸಿದ್ದ. ಬೆಚ್ಚಗಿರುವಾಗಲೇ ಅದರ ತುಂಬ ಮಸುಕು. ಬೆಚ್ಚಗಿನ ಎಣ್ಣೆಯಲ್ಲಿ ಮಸುಕಿದ್ದರೆ ಅದು ಮೇಣವಲ್ಲ, ನೀರು. ನೀರಿನ ಮಸುಕು ಜಾಡಿಯ ತುಂಬ ಹರಡಿರುತ್ತದೆ, ಮೇಣದ ಮೋಡ ತಳದಿಂದಲೇ ಏಳುತ್ತದೆ. ಇದು ಅವನು ಬಂದವರಿಗೆಲ್ಲ ಹೇಳಿಕೊಡುವ ಮೊದಲ ಪಾಠ. ಮೂರನೇ ಸಲ ಅವಳು ಬಾಟಲಿ ವಾಪಸು ತೆಗೆದುಕೊಳ್ಳಲು ಬಂದಾಗ ಎಂಜಿನ್ ಕೋಣೆಯ ಮೇಸ್ತ್ರಿಯೂ ಅಲ್ಲೇ ಇದ್ದ. “ಏನಮ್ಮಾ, ಎಣ್ಣೆನ ಒಣಗಿಸ್ತೀಯೋ, ಇಲ್ಲಾ ಸ್ನಾನ ಮಾಡಿಸಿ ಕಳಿಸ್ತೀಯೋ?” ಎಂದು ಇವನು ಕೇಳಿದ. ಮೇಸ್ತ್ರಿ ನಕ್ಕ. ಸ್ವಲ್ಪ ತಡವಾಗಿ ನಕ್ಕ. ಅವಳು ಬಾಟಲಿಯನ್ನು ಎರಡೂ ಕೈಯಲ್ಲಿ ಹಿಡಿದು, “ಮತ್ತೆ ಕಾಯಿಸಿ ಒಣಗಿಸ್ತೀನಿ ಸರ್,” ಎಂದಳು. ವಾದ ಮಾಡಿದ್ದರೆ ಚೆನ್ನಾಗಿತ್ತು. ವಾದ ಮಾಡದ್ದಕ್ಕೆ ಅವನಿಗೆ ಸಿಟ್ಟು ಬಂದಿತ್ತು, ಆ ಸಿಟ್ಟು ಈಗಲೂ ಎದೆಯ ಮೂಲೆಯಲ್ಲಿ ಹುಳಿಯಾಗಿ ಇತ್ತು.

ಗೋಡೆಯಾಚೆ ಎಂಜಿನ್ ಓಡುತ್ತಿತ್ತು. ಮೂರನೇ ಸಲ ವಾಪಸು ಹೋದ ಅವಳ ಎಣ್ಣೆಯಲ್ಲೇ ಓಡುತ್ತಿತ್ತು. ಬೆಚ್ಚಗಿನ ಕೋಣೆಯಲ್ಲಿ ಓಡಿಸಲು ಅವನ ಒಪ್ಪಿಗೆ ಬೇಕಾಗಿರಲಿಲ್ಲ. ಹೊಗೆಕೊಳವೆಯಿಂದ ಯಾರೋ ಏನೋ ಕರಿಯುತ್ತಿರುವಂಥ ವಾಸನೆ ಕಿಟಕಿಯಿಂದ ಒಳಗೆ ಬರುತ್ತಿತ್ತು, ಊಟದ ಹೊತ್ತಿಗೆ ಮೊದಲೇ ಎಲ್ಲರಿಗೂ ಹಸಿವಾಗುತ್ತಿತ್ತು. ಅದರ ಸದ್ದು ದುಂಡಗಿತ್ತು. ನೀರು ಬೆರೆತ ಇಂಧನದಲ್ಲಿ ಎಂಜಿನ್ನು ಹೀಗೆ ಓಡುವುದಿಲ್ಲ, ಬಿಕ್ಕುತ್ತದೆ. ಇದು ಅವನಿಗೆ ಗೊತ್ತಿತ್ತು. ಗೊತ್ತಿರುವುದನ್ನು ಕೇಳಿಸಿಕೊಳ್ಳದೆ ಇರುವುದಕ್ಕೂ ಒಂದು ಅಭ್ಯಾಸ ಬೇಕು. ಆ ದುಂಡಗಿನ ಸದ್ದಿನೊಳಗೆ ಅವನ ಅಪ್ಪ ಪೇಪರು ಓದುತ್ತಿದ್ದರು. ಚಿಕ್ಕಂದಿನ ಮನೆಯ ಹಜಾರದ ಆರಾಮಕುರ್ಚಿ, ಬೆಳಗಿನ ಬಿಸಿಲು, ಅಪ್ಪನ ಕೈಯಲ್ಲಿ ಅಗಲವಾಗಿ ಬಿಚ್ಚಿದ ಪೇಪರು. ಅಪ್ಪನಿಗೆ ಕಣ್ಣು ಕಾಣದೆ ಹೋಗಿ ಎಷ್ಟೋ ಕಾಲವಾಗಿತ್ತು, ಆದರೆ ಮನೆಯವರಿಗೆಲ್ಲ ಗಟ್ಟಿಯಾಗಿ ಪೇಪರು ಓದಿ ಹೇಳುವ ಪದ್ಧತಿ ಅವರು ಬಿಟ್ಟಿರಲಿಲ್ಲ. ಮೊದಮೊದಲು ದಪ್ಪಕ್ಷರಗಳನ್ನಷ್ಟೇ ಓದಿ ಉಳಿದದ್ದನ್ನು ಕಟ್ಟುತ್ತಿದ್ದರು, ಆಮೇಲೆ ಅದೂ ಇಲ್ಲದೆ ಪೂರ್ತಿ ಕಟ್ಟತೊಡಗಿದರು. ಅವರ ಪೇಪರಿನಲ್ಲಿ ಎಲ್ಲ ಸಾಮಾನಿನ ಬೆಲೆಯೂ ಇಳಿಯುತ್ತಿತ್ತು. ಮಂತ್ರಿಗಳು ಜನರ ಕ್ಷಮೆ ಕೇಳುತ್ತಿದ್ದರು. ಕಳೆದುಹೋದ ಹಡಗುಗಳು ದಡ ಸೇರುತ್ತಿದ್ದವು. ಅಮ್ಮ ತರಕಾರಿ ಹೆಚ್ಚುತ್ತಾ ಕೂತು, ಅಪ್ಪನ ಮಾತು ತಡವರಿಸಿದಾಗೆಲ್ಲ, “ಆಮೇಲೇನಾಯ್ತು?” ಎಂದು ಕೇಳುತ್ತಿದ್ದಳು. ಅಪ್ಪ ಹುರುಪಾಗಿ ಮುಂದೆ ಓದುತ್ತಿದ್ದರು. ಅಕ್ಕ, ತಾನು, ಬಂದ ನೆಂಟರು, ಯಾರೂ ಒಂದು ದಿನ ತುಟಿ ಬಿಚ್ಚಲಿಲ್ಲ. ಎಷ್ಟು ಒಳ್ಳೆಯವರು ನಾವೆಲ್ಲ ಎಂದು ಆಗ ಅನಿಸುತ್ತಿತ್ತು. ಅಪ್ಪನಿಗೆ ಹೇಗನಿಸುತ್ತಿತ್ತೋ. ಒಂದು ದಿನವಾದರೂ, ನಡುವೆ ಪುಟ ತಿರುವುವಾಗ, ಈ ಮನೆ ಯಾಕೆ ಇಷ್ಟು ಗಮನವಿಟ್ಟು ಕೇಳುತ್ತಿದೆ ಎಂದು ಅವರಿಗೆ ಸಂಶಯ ಬಂದಿರಲಿಕ್ಕಿಲ್ಲವೇ?

ಅವನು ಒಂದು ಖಾಲಿ ಜಾಡಿ ತೆಗೆದುಕೊಂಡು ಕಿಟಕಿಯ ಬೆಳಕಿಗೆ ಹಿಡಿದ. ಸರಿಯಾಗಿ ತೊಳೆದಿರಲಿಲ್ಲ. ತೊಳೆದ. ಸ್ಪಿರಿಟಿನಿಂದ ಒರೆಸಿ, ಬಿಸಿಗಾಳಿಯಲ್ಲಿ ಒಣಗಿಸಿ ಮತ್ತೆ ಹಿಡಿದ. ಒಳಗೆ ಏನೂ ಇಲ್ಲದ ಜಾಡಿಯ ತುಂಬ, ತಳದಿಂದ ಬಾಯಿಯವರೆಗೆ, ಒಂದೇ ಸಮನಾಗಿ ಮಸುಕು ಹರಡಿತ್ತು. ನೀರಿನ ಮಸುಕು. ಏನೂ ಇಲ್ಲದ್ದರಲ್ಲಿ ನೀರು ಎಲ್ಲಿಂದ ಬರಬೇಕು? ತಣ್ಣೀರಿನಲ್ಲಿ ಹಬೆ ಎಲ್ಲಿಂದ ಬರಬೇಕು? ಜಾಡಿಯನ್ನು ಮೇಜಿನ ಮೇಲಿಟ್ಟು, ಪಾಠ ಒಪ್ಪಿಸಲು ಎದ್ದುನಿಂತ ಹುಡುಗನ ಹಾಗೆ ಸ್ವಲ್ಪ ಹೊತ್ತು ನಿಂತಿದ್ದ. ಜಾಡಿ ನೋಡುವಾಗ ಎಡಗಣ್ಣು ಮುಚ್ಚಿ ಬಲಗಣ್ಣಿನಿಂದ ನೋಡುವುದು ಅವನ ಯಾವತ್ತಿನ ರೂಢಿ. ಈಗ ಬಲಗಣ್ಣು ಮುಚ್ಚಿದ. ಕಿಟಕಿಯ ಚೌಕಟ್ಟು ಗೆರೆ ಹೊಡೆದಂತೆ ಎದ್ದುನಿಂತಿತು. ಅಂಗಳದ ಮರಕ್ಕೆ ಎಲೆಗಳಿದ್ದವು, ಬೇರೆ ಬೇರೆ ಎಲೆಗಳು. ಎಡಗಣ್ಣಿನಲ್ಲೂ ಮೂಲೆಯಲ್ಲಿ ಎಲ್ಲೋ ಒಂದು ಪರದೆ ಅಲುಗುತ್ತಿತ್ತು, ಆದರೂ ಜಾಡಿ ಜಾಡಿಯಂತೆ ತಿಳಿಯಾಗಿತ್ತು. ಮೊದಲು ಅವನಿಗಾದದ್ದು ದುಃಖವಲ್ಲ, ಭಯವೂ ಅಲ್ಲ, ಒಂದು ಕಳ್ಳ ಸಮಾಧಾನ. ಇನ್ನು ಮೇಲೆ ಎಡಗಣ್ಣಿನಿಂದ ನೋಡಿದರಾಯಿತು! ಯಾರಿಗೆ ಗೊತ್ತಾಗಬೇಕು? ನಾಲ್ಕನೇ ಬಾಟಲಿಯನ್ನು ತಣಿಸಿ, ಎಡಗಣ್ಣಿನಿಂದ ನೋಡಿ, ‘ಈ ಸಲ ಸರಿಯಾಗಿ ಒಣಗಿಸಿದೀಯಮ್ಮಾ, ಭೇಷ್’ ಎಂದುಬಿಟ್ಟರೆ ಅವಳಿಗೂ ಸಂತೋಷ, ಹದ್ದಣ್ಣ ಹದ್ದಣ್ಣನಾಗಿಯೇ ಉಳಿದ. ಸಂಜೆ ಯಾವ ಗಲಾಟೆಯೂ ಇಲ್ಲದೆ ಹೆಂಡತಿಯ ಜೊತೆ ಕನ್ನಡಕದ ಅಂಗಡಿ.

ನಾಲ್ಕನೇ ಬಾಟಲಿಯನ್ನು ಜಾಡಿಗೆ ಸುರಿದು ಎಡಗಣ್ಣಿಗೆ ಹಿಡಿದ. ಮಸುಕಿರಲಿಲ್ಲ. ಆದರೆ ಬಣ್ಣ? ಮೊದಲನೆಯದು ಹೂವಿನ ಹಳದಿಯಾಗಿತ್ತು ಎಂಬ ನೆನಪು. ಇದು ಚಹದ ಬಣ್ಣಕ್ಕೆ ತಿರುಗಿತ್ತು, ಮೂಗಿಗೆ ಹಳೆಯ ಬಣ್ಣದ ಡಬ್ಬಿಯ ವಾಸನೆ ಬಂತು. ತಣಿಸಿದ. ಸೊನ್ನೆ ಮುಟ್ಟುವ ಎಷ್ಟೋ ಮೊದಲೇ ತಳದಲ್ಲಿ ಬೆಳ್ಳಗೆ ಕಟ್ಟಿತು. ಈ ಸಲದ್ದು ನಿಜವಾದ ಮೋಡ, ಅನುಮಾನವೇ ಬೇಡ. ಜಾಡಿಯನ್ನು ಹಿಡಿದುಕೊಂಡೇ ಅವನು ಕುರ್ಚಿಯಲ್ಲಿ ಕೂತ. ಇಲ್ಲದ ನೀರನ್ನು ತೆಗೆಯಲು ಅವಳು ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸಿದ್ದಳು. ಕಾಯಿಸಿ ಕಾಯಿಸಿ ಎಣ್ಣೆ ಹಳಸಿತ್ತು, ಮದ್ದು ಸತ್ತಿತ್ತು. ಕೊಂದವನು ಅವನು. ತಮಾಷೆ ಮಾಡುತ್ತಾ ಕೊಂದಿದ್ದ. ನಾಚಿಕೆ ಎಂಬುದು ಕಿವಿಯಿಂದ ಶುರುವಾಗಿ ಕುತ್ತಿಗೆಗೆ ಇಳಿಯುತ್ತದೆಂದು ಈ ವಯಸ್ಸಿನಲ್ಲಿ ತಿಳಿಯಿತು.

ಬೀರುವಿನ ಕೆಳಗಿನ ಖಾನೆಯಲ್ಲಿ, ಬೆಳಕು ತಾಗದ ಕಡೆ, ಪ್ರತಿ ಪರೀಕ್ಷೆಯ ಮೊದಲ ಬಾಟಲಿಯಿಂದ ಒಂದು ಪಾಲು ತೆಗೆದು ಮುದ್ರೆ ಹಾಕಿ ಇಡುವುದು ಪರೀಕ್ಷಾಲಯದ ನಿಯಮ, ಮುಂದೆ ತಕರಾರು ಬಂದರೆ ಇರಲಿ ಎಂದು. ಕೈಯಾಡಿಸಿ ಅವಳ ಮೊದಲ ಬಾಟಲಿಯನ್ನು ಹುಡುಕಿದ. ಮುಚ್ಚಳದ ಮೇಲಿನ ಚೀಟಿಯಲ್ಲಿ ‘ನೀರಿದೆ’ ಎಂದು ಅವನದೇ ಕೈಬರಹ, ಕೆಳಗೆ ಅವನದೇ ಸಹಿ. ಒಂದೇ ಒಂದು ಪರೀಕ್ಷೆಗೆ ಸಾಕಾಗುವಷ್ಟು ಎಣ್ಣೆ. ಅದನ್ನು ತೆರೆಯಬೇಕೆಂದರೆ ಮುದ್ರೆ ಒಡೆಯಬೇಕು, ಮುದ್ರೆ ಒಡೆಯಬೇಕೆಂದರೆ ಯಾಕೆಂದು ಹೇಳಬೇಕು. ಆ ಪುಟ್ಟ ಬಾಟಲಿಯನ್ನು ಎದೆಗೆ ಅವಚಿಕೊಂಡು ಮೆಟ್ಟಿಲ ಬುಡಕ್ಕೆ ಬಂದ. ಮೇಲೆ ಹೋಗದಿದ್ದರೂ ನಡೆಯುತ್ತದೆ ಎಂದು ಕಾಲು ಹೇಳಿತು. ಮೆಟ್ಟಿಲಿನ ಕಂಬಿ ಹಿಡಿದು ಹತ್ತಿದ.

ಅವಳು ಸ್ಟೂಲಿನ ಮೇಲೆ ಕೂತು ರಟ್ಟಿನ ಪೆಟ್ಟಿಗೆಗೆ ತನ್ನ ಪಾತ್ರೆ ಪಡಗ ತುಂಬುತ್ತಿದ್ದಳು. ಇವನನ್ನು ಕಂಡು ಎದ್ದುನಿಂತಳು. “ಮತ್ತೆ ನೀರಾ ಸರ್?”

“ನೀರು ಯಾವತ್ತೂ ಇರ್ಲಿಲ್ಲಮ್ಮ.” ಕೆಮ್ಮಿದ. “ನನ್ನ ಕಣ್ಣಿಗೆ ಪೊರೆ ಬಂದಿದೆ. ಬಲಗಣ್ಣಿಗೆ. ನಾನು ನೋಡ್ತಿದ್ದದ್ದು ನಿನ್ನ ಎಣ್ಣೆನ ಅಲ್ಲ.”

ಅವಳು ಬೆಚ್ಚಿಬೀಳುತ್ತಾಳೆಂದು ಕಾದ. ಅವಳು ನೆಲ ನೋಡಿದಳು. ಆ ಮೌನ ಅವನಿಗೆ ಚಿರಪರಿಚಿತವಾಗಿತ್ತು. ಹಜಾರದಲ್ಲಿ ಕೂತು ತಾನೂ ಎಷ್ಟೋ ವರ್ಷ ಆಚರಿಸಿದ ಮೌನ.

“ಗೊತ್ತಿತ್ತಾ?”

“ಎರಡನೇ ಸಲ ಬಂದಾಗ, ಖಾಲಿ ಜಾಡಿ ಹಿಡಿದು ತೊಳೆದಿಲ್ಲ ಅಂತ ಬೈದ್ರಿ ಸರ್. ಅದನ್ನ ಆಗತಾನೆ ನಾನೇ ತೊಳೆದಿಟ್ಟಿದ್ದೆ.”

“ಮತ್ತೆ ಹೇಳ್ಬಾರ್ದಿತ್ತಾ!” ಕೂಗೇಬಿಟ್ಟ. ಕೂಗುವ ಹಕ್ಕು ತನಗಿಲ್ಲವೆಂದು ಕೂಗಿದ ಮೇಲೆ ಹೊಳೆಯಿತು. “ಎಣ್ಣೆ ಹಾಳಾಗುತ್ತೆ ಅಂತ ಗೊತ್ತಿದ್ದೂ ಕಾಯಿಸ್ತಾ ಕೂತ್ಯಾ?”

“ಮೇಸ್ತ್ರಿ ಬೇಡ ಅಂದ್ರು ಸರ್. ಹದ್ದಣ್ಣನಿಗೆ ಆ ಕಣ್ಣು ಬಿಟ್ರೆ ಇನ್ನೇನಿದೆ, ಸುಮ್ನಿರು, ತಾವಾಗೇ ತಿಳ್ಕೋತಾರೆ ಅಂದ್ರು.” ಅವಳ ದನಿ ಸಣ್ಣಗಾಯಿತು. “ನಾನೂ ಹಾಗೇ ಅಂದ್ಕೊಂಡೆ. ಮೂರನೇ ಸಲ ನೀವು ಸ್ನಾನದ ಮಾತಾಡಿದಾಗ ಹೇಳಿಬಿಡ್ಬೇಕು ಅನ್ನಿಸ್ತು. ಬಾಯಿ ಬರ್ಲಿಲ್ಲ.”

ಮೇಸ್ತ್ರಿ ತಡವಾಗಿ ನಕ್ಕದ್ದು, ಹೆಂಡತಿ ಹತ್ತಿಯನ್ನು ಒತ್ತಿ ಹಿಡಿದದ್ದು, ಬೀದಿಯಲ್ಲಿ ಯಾರೋ ಕೈ ಎತ್ತಿ ಎರಡು ಗಳಿಗೆ ಜಾಸ್ತಿಯೇ ಬೀಸಿದ್ದು. ಊರಿಡೀ ತರಕಾರಿ ಹೆಚ್ಚುತ್ತಾ ಕೂತು ಅವನ ಪೇಪರು ಕೇಳುತ್ತಿತ್ತು. ಅಪ್ಪನ ಮೇಲೆ ಅವನಿಗೆ ಹಿಂದೆಂದೂ ಬಾರದಷ್ಟು ಕನಿಕರ ಬಂತು, ಅಮ್ಮನ ಮೇಲೆ ಸಿಟ್ಟು ಬಂತು, ಮರುಗಳಿಗೆಯಲ್ಲಿ ಆ ಸಿಟ್ಟೂ ಕರಗಿತು. ಅಮ್ಮನಾದರೂ ಏನು ಮಾಡಬಹುದಿತ್ತು, ಅಪ್ಪ ಒಂದು ದಿನವೂ ಕೇಳಲಿಲ್ಲವಲ್ಲ. ಅವನು ಬಾಟಲಿಯನ್ನು ಮುಂದೆ ಚಾಚಿದ. “ಮೊದಲನೇ ಸಲದ್ದು. ಕಾಯಿಸದೆ ಇದ್ದದ್ದು. ಒಂದು ಪರೀಕ್ಷೆಗೆ ಆಗುತ್ತೆ. ಬಾ, ನೀನೇ ನೋಡಿ ಹೇಳು.”

“ನಾನಾ? ನನ್ನ ಎಣ್ಣೆನ ನಾನೇ ನೋಡಿದ್ರೆ ದೊಡ್ಡವರು ಒಪ್ತಾರಾ ಸರ್?”

“ಒಪ್ಪಿಸೋದು ನನಗೆ ಬಿಡು. ಎಣ್ಣೆ ಸುರಿಯೋನು ನಾನು, ಕಣ್ಣು ಮಾತ್ರ ನಿನ್ನದು.”

ಕೆಳಗಿನ ಕೋಣೆಯಲ್ಲಿ ಅವನು ಮುದ್ರೆ ಒಡೆದು ಎಣ್ಣೆ ಸುರಿದ. ಸುರಿಯುವುದಕ್ಕೆ ಕಣ್ಣು ಬೇಕಾಗಲಿಲ್ಲ, ಕೈಗೆ ಗೊತ್ತಿತ್ತು. ಜಾಡಿ ತಣ್ಣಗಿನ ಯಂತ್ರಕ್ಕೆ ಇಳಿಯಿತು. ಗೋಡೆಯಾಚೆ ಮೇಸ್ತ್ರಿ ಎಂಜಿನ್ ನಿಲ್ಲಿಸಿ, ಕೈ ಒರೆಸಿಕೊಳ್ಳುತ್ತಾ ಬಾಗಿಲಿಗೆ ಬಂದು ನಿಂತ. ಇವನು ಅವನತ್ತ ನೋಡಿ, “ಬಾರಯ್ಯಾ ಒಳಗೆ, ಇನ್ನು ಕದ್ದು ನಗೋದು ಬೇಡ,” ಎಂದ. ಮೇಸ್ತ್ರಿ ಒಳಗೆ ಬಂದ. ಇವನು ಕುರ್ಚಿಯಲ್ಲಿ ಕೂತು ಎರಡೂ ಕಣ್ಣು ಮುಚ್ಚಿಕೊಂಡ. ಎಡಗಣ್ಣಿನಿಂದ ನೋಡಬಹುದಿತ್ತು. ನೋಡಬಾರದು ಅನಿಸಿತು. ಕರಿದ ವಾಸನೆ ಕೋಣೆಯಲ್ಲಿ ತೇಲುತ್ತಿತ್ತು, ರೆಪ್ಪೆಗಳ ಹಿಂದೆ ಬೆಳಕು ಕಿತ್ತಳೆ ಬಣ್ಣದಲ್ಲಿ ಉಸಿರಾಡುತ್ತಿತ್ತು, ತಾನು ಅಪ್ಪನ ಆರಾಮಕುರ್ಚಿಯಲ್ಲಿದ್ದೇನೋ ಅದರ ಪಕ್ಕದಲ್ಲಿ ಕೂತಿದ್ದೇನೋ ತಿಳಿಯದಂಥ ಒಂದು ಹೊತ್ತು ಅದು.

“ಸೊನ್ನೆ, ಸರ್. ತಿಳಿಯಾಗಿದೆ.”

“ಆಮೇಲೆ?”

“ಒಂದು ಕೆಳಗೆ. ತಿಳಿ.”

“ಆಮೇಲೇನಾಯ್ತು?”

ಜಾಡಿ ಮೇಲೆ ಬರುವ ಸಣ್ಣ ಸದ್ದು, ಒಂದು ಉಸಿರು, ಮತ್ತೆ ಇಳಿಯುವ ಸದ್ದು. “ಎರಡು. ತಿಳಿ, ಸರ್. ಹೂವಿನ ಹಾಗಿದೆ.” ಮೂರಕ್ಕೆ ಅವಳ ದನಿಯಲ್ಲಿ ನಗು ಬೆರೆತಿತ್ತು. ಮೇಸ್ತ್ರಿಯ ಬೂಟು ಕಿರುಗುಟ್ಟಿತು. ಇನ್ನೆರಡೇ ಡಿಗ್ರಿ. ಐದರವರೆಗೆ ತಿಳಿಯಾಗಿದ್ದರೆ ಅವಳ ಕೋಣೆ ಅವಳದು, ಬೆಟ್ಟದ ಬಸ್ಸುಗಳು ಅವಳವು. ಮೇಸ್ತ್ರಿ ಇವಳ ಪರ, ತಾನು ಕಣ್ಣು ಮುಚ್ಚಿ ಕೂತವನು; ಈಗ ಅವಳು ಏನು ಹೇಳಿದರೂ ಅದೇ ನಿಜವಾಗುತ್ತದೆ ಎಂಬುದು ಅವನಿಗೆ ಹೊಳೆಯಿತು. ತಿಳಿ ಎಂದು ಹೇಳಮ್ಮಾ, ಎಂದು ಮನಸ್ಸಿನಲ್ಲೇ ಬೇಡಿಕೊಂಡ. ಬಹಳ ಆಸೆಯಿಂದ ಬೇಡಿಕೊಂಡ. ಜಾಡಿ ಮೇಲೆ ಬಂತು. ಸದ್ದಿಲ್ಲ. ಇಳಿದ ಸದ್ದು. ಮಾತಿಲ್ಲ.

“ಆಮೇಲೇನಾಯ್ತಮ್ಮಾ?”

“ನಾಲ್ಕಕ್ಕೆ ಬಂತು ಸರ್.” ದನಿ ಒಡೆದಿತ್ತು. “ತಳದಿಂದಲೇ. ಸ್ವಲ್ಪವೇ, ಉಗುರಿನಷ್ಟು. ಆದ್ರೆ ಮೋಡವೇ.”

ಮೇಸ್ತ್ರಿ ಏನೋ ಗೊಣಗಿ ಕಿಟಕಿಯ ಕಡೆ ತಿರುಗಿದ. ಇವನು ಕಣ್ಣು ತೆರೆದ. ಅವಳ ಮುಖ ಮಂಜಿನಲ್ಲಿತ್ತು, ಅಳುತ್ತಿದ್ದಾಳೋ ಇಲ್ಲವೋ ಕಾಣಿಸಲಿಲ್ಲ. “ಐದರವರೆಗೂ ತಿಳಿ ಅಂದಿದ್ರೆ ನನಗೇನು ಗೊತ್ತಾಗ್ತಿತ್ತು?” ಎಂದು ಮೆಲ್ಲಗೆ ಕೇಳಿದ. “ಇಷ್ಟು ದಿನ ಸುಮ್ನಿದ್ದೋಳು ಇವತ್ತು ಯಾಕೆ ಹೇಳಿಬಿಟ್ಟೆ?”

“ಇವತ್ತು ನೀವು ಕೇಳಿದ್ರಲ್ಲ ಸರ್.”

ಅವನು ಮೇಜನ್ನು ತಡವಿ ವರದಿಯ ಹಾಳೆ ಎಳೆದುಕೊಂಡ. ಹಿಂದಿನ ಮೂರೂ ಸಲ ನೀರಿರಲಿಲ್ಲ, ನೋಡಿದವನ ಕಣ್ಣಿನಲ್ಲಿ ಪೊರೆಯಿತ್ತು, ಆದ್ದರಿಂದ ಈ ಮದ್ದಿಗೆ ಸರಿಯಾದ ಪರೀಕ್ಷೆ ಆದದ್ದು ಇವತ್ತೇ, ನಾಲ್ಕಕ್ಕೆ ಮೋಡ ಬಂದಿದೆ, ಇನ್ನೊಂದು ಅವಕಾಶ ಬೇಕು ಎಂದು ಬರೆದ. ಬರೆದ ಸಾಲುಗಳು ಒಂದರ ಮೇಲೊಂದು ಏರಿರಬಹುದು. ‘ನೋಡಿದವರು’ ಎಂಬಲ್ಲಿಗೆ ಬಂದಾಗ ಪೆನ್ನನ್ನು ಅವಳ ಕೈಗೆ ಕೊಟ್ಟ. ಅವಳು ಹಾಳೆಯ ಮೇಲೆ ಬಾಗಿದಳು. ಸಹಿ ಮಾಡುವ ಬದಲು ಪೆನ್ನು ಹಿಡಿದೇ ಸ್ವಲ್ಪ ಹೊತ್ತು ಯೋಚಿಸಿ, ತನ್ನಷ್ಟಕ್ಕೆ ಎಂಬಂತೆ, ಮದ್ದು ಇನ್ನೊಂಚೂರು ಹೆಚ್ಚಿಗೆ ಹಾಕಿ ನೋಡಬೇಕಿತ್ತು, ಎರಡೇ ಎರಡು ಡಿಗ್ರಿ ತಾನೇ, ಎಂದಳು.

“ಆಮೇಲೆ?” ಎಂದು ಅವನು ಕೇಳಿದ.